ಹೊಂದಾಣಿಕೆಯ ಖರ್ಚು ಯಾರ ಹೆಸರಿಗೆ?

ಮಳೆ ತನ್ನ ನಕ್ಷತ್ರಗಳನ್ನು ಮರೆತಿದೆ ಎಂಬುದನ್ನು ಗುಡ್ಡದ ರೈತರಿಗೆ ಯಾವ ವರದಿಯೂ ಹೇಳಿಕೊಡಬೇಕಾಗಿಲ್ಲ. ಮೃಗಶಿರದಲ್ಲಿ ಬರಬೇಕಾದದ್ದು ಬಾರದೆ, ಹಸ್ತ-ಚಿತ್ತಾಗಳಲ್ಲಿ ಹದವಾಗಿ ಬೀಳಬೇಕಾದದ್ದು ಒಂದೇ ರಾತ್ರಿ ಸುರಿದು ಹೋಗುವುದನ್ನು ಅವರು ಕಣ್ಣಾರೆ ಕಾಣುತ್ತಿದ್ದಾರೆ. ಹವಾಮಾನ ಬದಲಾಗುತ್ತಿದೆಯೇ ಎಂಬ ಚರ್ಚೆಯ ಕಾಲ ಮುಗಿದಿದೆ. ಈಗ ಅಧಿಕಾರಿಗಳ ಸಭೆಗಳಲ್ಲಿಯೂ ವಿದ್ವಾಂಸರ ಗೋಷ್ಠಿಗಳಲ್ಲಿಯೂ ಕೇಳಿಬರುತ್ತಿರುವ ಪ್ರಶ್ನೆ ಬೇರೆ: ಬದಲಾದ ಹವಾಮಾನಕ್ಕೆ ಹೊಂದಿಕೊಳ್ಳಲು ಖರ್ಚೆಷ್ಟು, ಅದರಿಂದ ಲಾಭವೆಷ್ಟು?

ಈ ಪ್ರಶ್ನೆಯನ್ನು ಪರಿಸರವಾದಿಗಳಾದ ನಾವು ತಳ್ಳಿಹಾಕಬಾರದು. ಬಡವರ ನಾಡಿನಲ್ಲಿ ಪ್ರತಿ ರೂಪಾಯಿಗೂ ಲೆಕ್ಕ ಕೇಳುವುದು ನ್ಯಾಯವೇ. ಆದರೆ ಲೆಕ್ಕ ಕೇಳುವವರು ಇನ್ನೊಂದು ಮಾತನ್ನೂ ಕೇಳಬೇಕು. ಖರ್ಚು ಯಾರ ಹೆಸರಿಗೆ ಬೀಳುತ್ತದೆ, ಲಾಭ ಯಾರ ಮನೆಗೆ ಹೋಗುತ್ತದೆ? ಇವೆರಡನ್ನೂ ಒಟ್ಟುಗೂಡಿಸಿ ಒಂದೇ ಮೊತ್ತ ತೆಗೆದರೆ ಲೆಕ್ಕ ಸರಿಯಾಗಿ ಕಾಣುತ್ತದೆ. ಅನ್ಯಾಯ ಮಾತ್ರ ಅದರೊಳಗೆ ಮುಚ್ಚಿಹೋಗುತ್ತದೆ. ಇದನ್ನು ವಿವರಿಸಲು ದೂರದ ದ್ವೀಪರಾಷ್ಟ್ರಗಳಿಗೆ ಹೋಗಬೇಕಾಗಿಲ್ಲ. ಕಲಬುರಗಿ ಜಿಲ್ಲೆಯ ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳನ್ನು ಒಂದು ಸುತ್ತು ನೋಡಿದರೆ ಸಾಕು. ಚಿಂಚೋಳಿ ಗುಡ್ಡಗಳ ಹಳ್ಳಗಳು ಮುಲ್ಲಾಮಾರಿಗೆ, ಮುಲ್ಲಾಮಾರಿ ಕಾಗಿಣಾ ನದಿಗೆ, ಕಾಗಿಣಾ ಶಹಾಬಾದಿನ ಸಮೀಪ ಹೊನಗುಂಟಾದಲ್ಲಿ ಭೀಮೆಗೆ ಸೇರುತ್ತವೆ. ಮೇಲೆ ಗುಡ್ಡ ಮತ್ತು ಕಾಡು, ನಡುವೆ ತೊಗರಿಯ ಎರೆ ಭೂಮಿ, ಕೆಳಗೆ ಸುಣ್ಣಕಲ್ಲಿನ ಗಣಿ ಮತ್ತು ಸಿಮೆಂಟ್ ಕಾರ್ಖಾನೆ. ನೀರಿನ ದಾರಿ ಒಂದೇ ಆದರೂ ಲಾಭ-ನಷ್ಟದ ಪುಸ್ತಕಗಳು ಮಾತ್ರ ಬೇರೆ ಬೇರೆ.

ಸುಮ್ಮನಿರುವುದಕ್ಕೂ ಬೆಲೆಯಿದೆ

ಹೊಂದಾಣಿಕೆ ದುಬಾರಿ ಎನ್ನುವವರು ಮೊದಲು ಗಮನಿಸಬೇಕಾದದ್ದು, ಏನೂ ಮಾಡದಿರುವುದು ಪುಕ್ಕಟೆಯಲ್ಲ ಎಂಬುದನ್ನು. 2020ರ ಅಕ್ಟೋಬರ್‌ನಲ್ಲಿ ಸುರಿದ ಮಳೆಗೆ ಕಾಗಿಣಾ ಮತ್ತು ಭೀಮಾ ನದಿಗಳು ಉಕ್ಕಿ ಹರಿದವು. 2022ರ ಕೊನೆಯಲ್ಲಿ ಜಿಲ್ಲೆಯ ತೊಗರಿ ಹೊಲಗಳು ನೆಟೆ ರೋಗಕ್ಕೆ ತುತ್ತಾಗಿ ಒಣಗಿ ನಿಂತವು. ಮರುವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಪ್ರವಾಹ. ಐದಾರು ವರ್ಷಗಳೊಳಗೆ ನೆರೆ, ರೋಗ, ಬರ, ಮತ್ತೆ ನೆರೆ! ಇವುಗಳಲ್ಲಿ ಪ್ರತಿಯೊಂದೂ ಹವಾಮಾನ ಬದಲಾವಣೆಯ ನೇರ ಫಲವೆಂದು ಹೇಳುವುದು ಶಾಸ್ತ್ರಸಮ್ಮತವಲ್ಲ. ಆದರೆ ಬಿಸಿಯಾದ ಗಾಳಿ ಹೆಚ್ಚು ನೀರಾವಿಯನ್ನು ಹೊತ್ತು ತಂದು ಒಮ್ಮೆಲೇ ಸುರಿಸುತ್ತದೆ, ಮಳೆಯ ನಡುವಿನ ಬಿಡುವಿನಲ್ಲಿ ನೆಲವನ್ನು ಬೇಗ ಒಣಗಿಸುತ್ತದೆ ಎಂಬುದು ಶಾಸ್ತ್ರಸಮ್ಮತವೇ.

ಈ ನಷ್ಟವನ್ನು ಯಾರು ಭರಿಸಿದರು? ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಮಳೆಯಾಶ್ರಿತ ಬೆಳೆಗೆ ಸಿಗುತ್ತಿದ್ದದ್ದು ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯೊಳಗೆ. ಎಕರೆಗೆ ಇಳಿಸಿದರೆ ಸುಮಾರು 3,440 ರೂಪಾಯಿ. 2025-26ರ ಸಾಲಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಅಂದರೆ ಒಂದು ಎಕರೆ ಬೆಳೆ ಪೂರ್ತಿ ಕೊಚ್ಚಿಹೋದರೂ ಕೈಗೆ ಬರುವುದು ಅರ್ಧ ಕ್ವಿಂಟಲ್ ತೊಗರಿಯ ಬೆಲೆಗಿಂತಲೂ ಕಡಿಮೆ. 2025ರ ನೆರೆಯ ನಂತರ ರಾಜ್ಯ ಸರ್ಕಾರ ಹೆಕ್ಟೇರಿಗೆ ಇನ್ನೂ 8,500 ರೂಪಾಯಿ ಸೇರಿಸಿ ಕೊಡುವುದಾಗಿ ಪ್ರಕಟಿಸಿತು; ಅದನ್ನೂ ಕೂಡಿಸಿದರೆ ಎಕರೆಗೆ ಒಂದು ಕ್ವಿಂಟಲ್‌ನ ಬೆಲೆ ಆಗುವುದಿಲ್ಲ. ಉಳಿದ ನಷ್ಟವೆಲ್ಲ ರೈತನ ಸಾಲದ ಪುಸ್ತಕಕ್ಕೆ, ಹೆಂಡತಿಯ ಕೊರಳ ಸರಕ್ಕೆ, ಮಕ್ಕಳ ಶಾಲೆಗೆ ಹೋಗಿ ಕೂಡುತ್ತದೆ. ಸರ್ಕಾರದ ಲೆಕ್ಕದಲ್ಲಿ ಅದು ಖರ್ಚೇ ಅಲ್ಲ. ಆದುದರಿಂದಲೇ ಸುಮ್ಮನಿರುವುದು ಅಗ್ಗವಾಗಿ ಕಾಣುತ್ತದೆ.

ಬಿಸಿಲಿನ ಲೆಕ್ಕ

ಈ ಭಾಗದಲ್ಲಿ ಹೊಂದಾಣಿಕೆ ಹೊಸ ಮಾತೇನಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಏಪ್ರಿಲ್-ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಖರ್ಚು ಬಹುತೇಕ ಶೂನ್ಯ. ಲಾಭ ನೌಕರರ ಆರೋಗ್ಯ. ಲೆಕ್ಕಶಾಸ್ತ್ರಜ್ಞರು ಮೆಚ್ಚಬೇಕಾದ ಹೊಂದಾಣಿಕೆಯಿದು.

ಆದರೆ ಅದೇ ಮಧ್ಯಾಹ್ನ ಶಹಾಬಾದ್ ಮತ್ತು ಚಿತ್ತಾಪುರಗಳ ಫರಸಿ ಕಲ್ಲಿನ ಗಣಿಯಲ್ಲಿ ನಿಂತವನ ಮಾತೇನು? ಸುತ್ತಲೂ ಕಾದ ಬಂಡೆ, ನೆರಳಿಲ್ಲದ ಗುಂಡಿ. ಎಬ್ಬಿಸಿದ ಕಲ್ಲಿನ ಲೆಕ್ಕದಲ್ಲಿ ಕೂಲಿ ಪಡೆಯುವವನು ಮಧ್ಯಾಹ್ನ ಕೆಲಸ ನಿಲ್ಲಿಸಿದರೆ ಅಷ್ಟು ಕೂಲಿ ಹೋಯಿತು. ನಿಲ್ಲಿಸದಿದ್ದರೆ ಆರೋಗ್ಯ ಹೋಯಿತು. ಗುಮಾಸ್ತನಿಗೆ ಸಂಬಳ ಕಡಿತವಿಲ್ಲದೆ ಸಿಗುವ ರಕ್ಷಣೆ ಕಲ್ಲು ಒಡೆಯುವವನಿಗೆ ತನ್ನ ಕೂಲಿಯನ್ನೇ ತೆತ್ತು ಕೊಳ್ಳಬೇಕಾದ ಸರಕು. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಕೊಟ್ಟು ಪೂರ್ತಿ ಕೂಲಿ ನೀಡುವ ಕ್ರಮವನ್ನು ಈ ಜಿಲ್ಲೆಗಳು ಕಂಡಿದ್ದವು. ದಾರಿ ಇದೆ ಎಂಬುದಕ್ಕೆ ಅದೇ ಸಾಕ್ಷಿ.

ಗುಜರಾತಿನ ಅಹಮದಾಬಾದ್ ನಗರವನ್ನು ನೋಡಿ. 2010ರ ಮೇ ತಿಂಗಳ ಬಿಸಿಗಾಳಿಗೆ ಅಲ್ಲಿ ಎಂದಿಗಿಂತ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದವೆಂದು ಸಂಶೋಧಕರು ಅಂದಾಜಿಸಿದರು. 2013ರಲ್ಲಿ ಆ ನಗರ ಬಿಸಿಲಿಗೆಂದೇ ಒಂದು ಕಾರ್ಯಯೋಜನೆ ರೂಪಿಸಿತು. ಮುಂಚಿತ ಎಚ್ಚರಿಕೆ, ಆಸ್ಪತ್ರೆಗಳ ಸಿದ್ಧತೆ, ಕುಡಿಯುವ ನೀರು, ನೆರಳು, ಜನಜಾಗೃತಿ ಇವೇ ಅದರ ಮುಖ್ಯ ಅಂಗಗಳು. ಇವುಗಳಲ್ಲಿ ಭಾರಿ ಬಂಡವಾಳ ಬೇಡುವಂಥದು ಯಾವುದಿದೆ? ಅತ್ಯಂತ ಲಾಭದಾಯಕ ಹೊಂದಾಣಿಕೆಗಳು ಹಲವು ಬಾರಿ ಅತ್ಯಂತ ಅಗ್ಗದವೂ ಆಗಿರುತ್ತವೆ. ಗುತ್ತಿಗೆದಾರರಿಗೆ ಅವುಗಳಲ್ಲಿ ಏನೂ ಸಿಗದಿರುವುದರಿಂದ ಅವುಗಳ ಪರವಾಗಿ ಮಾತನಾಡುವವರು ಕಡಿಮೆ.

ತೊಗರಿಯ ಲೆಕ್ಕ

ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆಳಕ್ಕೆ ಬೇರಿಳಿಸಿ ಎರೆ ಭೂಮಿಯ ತೇವವನ್ನು ಹೀರಿ ಬದುಕುವ ಈ ಬೆಳೆ ಬರವನ್ನು ತಾಳುತ್ತದೆ, ನಿಂತ ನೀರನ್ನು ತಾಳುವುದಿಲ್ಲ. ಹೂ ಬಿಡುವ ಹೊತ್ತಿಗೆ ಮೋಡ ಕವಿದು ಮಳೆ ಹಿಡಿದರೆ ಹೂ ಉದುರುತ್ತದೆ, ಕಾಯಿಕೊರಕ ಮುತ್ತುತ್ತದೆ. ಹಿಂದೆ ನೀರು ಹಿಡಿಯುವುದೇ ಈ ಭಾಗದ ರೈತನ ಚಿಂತೆಯಾಗಿತ್ತು. ಈಗ ಹಿಡಿಯುವುದನ್ನೂ ಬಿಡುವುದನ್ನೂ ಒಂದೇ ಹೊಲದಲ್ಲಿ ಕಲಿಯಬೇಕಾಗಿದೆ.

ಇದಕ್ಕೆ ಉಪಾಯಗಳಿಲ್ಲದಿಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಲಬುರಗಿ ಕೇಂದ್ರ ನೆಟೆ ರೋಗವನ್ನು ತಡೆದುಕೊಳ್ಳುವ ತಳಿಗಳನ್ನು ಕೊಟ್ಟಿದೆ. ಏರುಮಡಿ ಮಾಡಿ ಬಿತ್ತಿ ನಡುವೆ ಬಸಿಗಾಲುವೆ ಬಿಟ್ಟರೆ ಹೆಚ್ಚಾದ ನೀರು ಹರಿದುಹೋಗುತ್ತದೆ. ಬಿತ್ತಿದ ಒಂದೂವರೆ ತಿಂಗಳ ಸುಮಾರಿಗೆ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ. ಹೆಸರು, ಉದ್ದು, ಸಜ್ಜೆ, ಜೋಳಗಳನ್ನು ಅಕ್ಕಡಿಯಾಗಿ ಬೆಳೆದರೆ ಒಂದು ಹೋದರೂ ಇನ್ನೊಂದು ಮನೆಯ ಗಡಿಗೆ ತುಂಬುತ್ತದೆ. ಇವುಗಳ ಖರ್ಚು ಅಲ್ಪ ಎಂದು ಪುಸ್ತಕ ಹೇಳುತ್ತದೆ. ಆದರೆ ಕುಡಿ ಚಿವುಟುವ ಕೈ ಯಾರದು? ಅಕ್ಕಡಿಯ ಕಾಳುಗಳನ್ನು ಬೇರೆ ಬೇರೆಯಾಗಿ ಬಿಡಿಸಿ ರಾಶಿ ಮಾಡುವವರು ಯಾರು? ಮನೆಯ ಹೆಣ್ಣುಮಕ್ಕಳ ದುಡಿಮೆಗೆ ಕೂಲಿ ಹಚ್ಚದೆ ಬರೆದ ಖರ್ಚಿನ ಪಟ್ಟಿ ಅಗ್ಗವಾಗಿ ಕಾಣುವುದರಲ್ಲಿ ಆಶ್ಚರ್ಯವೇನಿದೆ?

ಕೃಷಿ ಹೊಂಡದ ಮಾತೂ ಹೀಗೆಯೇ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆ ಹೊಂಡಕ್ಕೆ ದೊಡ್ಡ ಪ್ರಮಾಣದ ಸಹಾಯಧನ ನೀಡಿತು. ಮಳೆ ಕೈಕೊಟ್ಟ ಹೊತ್ತಿನಲ್ಲಿ ಒಂದೆರಡು ನೀರು ಕೊಟ್ಟು ಬೆಳೆ ಉಳಿಸಿಕೊಳ್ಳಲು ಹೊಂಡ ನೆರವಾಗುತ್ತದೆ, ನಿಜ. ಹತ್ತು ಎಕರೆಯವನಿಗೆ ಹೊಂಡಕ್ಕೆ ಹೋಗುವ ಜಾಗ ಲೆಕ್ಕಕ್ಕಿಲ್ಲ. ಎರಡು ಎಕರೆಯವನಿಗೆ ಅದು ಒಂದು ತಿಂಗಳ ರೊಟ್ಟಿ. ಕೋರು ಅಥವಾ ಗೇಣಿಗೆ ಮಾಡುವವನಿಗಂತೂ ಪರರ ಹೊಲದಲ್ಲಿ ಹೊಂಡ ತೋಡುವ ಹಕ್ಕೇ ಇಲ್ಲ. 2016ರಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗಳಿಗೆ ರೈತ ಕಟ್ಟುವ ಕಂತು ವಿಮಾ ಮೊತ್ತದ 2%. ಕಂತು ಕಡಿಮೆಯೇ, ಆದರೆ ನಷ್ಟದ ನಿರ್ಣಯ ಮುಖ್ಯವಾಗಿ ಇಡೀ ಪಂಚಾಯಿತಿಯ ಸರಾಸರಿ ಇಳುವರಿಯ ಮೇಲೆ ನಿಂತಿರುವುದರಿಂದ, ಹಳ್ಳದ ದಂಡೆಯ ಹೊಲ ಮುಳುಗಿ ದಿಬ್ಬದ ಹೊಲ ಉಳಿದ ಊರಿನಲ್ಲಿ ಮುಳುಗಿದವನಿಗೆ ಸಮಾಧಾನ ದೊರೆಯದೆ ಹೋಗಬಹುದು.

ಇನ್ನು ಹೊಂದಾಣಿಕೆಯ ಹೆಸರಿನಲ್ಲಿ ನಡೆಯುವ ಕೆಡುಕೂ ಉಂಟು. ಬರ ಬಂದೊಡನೆ ಇನ್ನಷ್ಟು ಆಳಕ್ಕೆ ಕೊಳವೆ ಬಾವಿ ಕೊರೆಸುವುದು ಕೊರೆಸಿದವನಿಗೆ ಲಾಭವೇ ಇರಬಹುದು. ಆದರೆ ಆ ನೀರು ಪಕ್ಕದವನ ಬಾವಿಯಿಂದಲೇ ಬಂದದ್ದಾದರೆ ಊರಿನ ಲೆಕ್ಕದಲ್ಲಿ ಅದು ಲಾಭವಲ್ಲ, ಕೇವಲ ವರ್ಗಾವಣೆ. ಇಂಥದನ್ನು ಹೊಂದಾಣಿಕೆ ಎಂದು ಕರೆಯುವುದನ್ನು ನಾವು ನಿಲ್ಲಿಸಬೇಕು.

ಗುಡ್ಡ ಮತ್ತು ಬಯಲಿನ ಲೆಕ್ಕ

ಈಗ ಗುಡ್ಡದ ಓದುಗರಿಗೆ ನೇರವಾಗಿ ಸಂಬಂಧಿಸಿದ ಮಾತು. ಮಳಖೇಡ ಮತ್ತು ದಂಡೋತಿಗಳ ಬಳಿ ಕಾಗಿಣಾ ಸೇತುವೆಗಳು ಮುಳುಗಿ ಸಂಚಾರ ನಿಂತುಹೋದದ್ದು ಹಲವು ಮಳೆಗಾಲಗಳ ಸುದ್ದಿ. ಪ್ರತಿ ಸಲವೂ ಬಯಲಿನಿಂದ ಬರುವ ಬೇಡಿಕೆ ಒಂದೇ: ಸೇತುವೆ ಎತ್ತರಿಸಿ, ತಡೆಗೋಡೆ ಕಟ್ಟಿ. ರೋಗಿ ಆಸ್ಪತ್ರೆ ತಲುಪಬೇಕಾದರೆ ಸೇತುವೆ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ನೀರು ಅಷ್ಟು ವೇಗವಾಗಿ ಏಕೆ ಬಂತು ಎಂಬ ಪ್ರಶ್ನೆಯನ್ನು ನದಿಯ ಮೇಲ್ಭಾಗದಲ್ಲಿ ಕೇಳಬೇಕಾಗುತ್ತದೆ.

ಚಿಂಚೋಳಿ ಗುಡ್ಡಗಳ ಸುಮಾರು 135 ಚದರ ಕಿಲೋಮೀಟರ್ ಕಾಡು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಬಯಲುಸೀಮೆಯ ನಡುವೆ ಉಳಿದ ಇಂಥ ಕಾಡು ದಕ್ಷಿಣ ಭಾರತದಲ್ಲಿಯೇ ಅಪರೂಪ. ಚಂದ್ರಂಪಳ್ಳಿ ಜಲಾಶಯ ಇರುವುದೂ ಈ ಕಾಡಿನ ಮಡಿಲಿನಲ್ಲಿಯೇ. ಮರ, ಹುಲ್ಲು, ತರಗೆಲೆ ಮುಚ್ಚಿದ ಇಳಿಜಾರು ಮಳೆಯನ್ನು ತಡೆದು, ನೆನೆಸಿ, ನಿಧಾನವಾಗಿ ಕೆಳಗೆ ಬಿಡುತ್ತದೆ. ಬೋಳಾದ ಇಳಿಜಾರು ನೀರನ್ನೂ ಮಣ್ಣನ್ನೂ ಒಟ್ಟಿಗೆ ನೂಕುತ್ತದೆ, ಜಲಾಶಯದಲ್ಲಿ ಹೂಳು ತುಂಬುತ್ತದೆ. ಅತಿವೃಷ್ಟಿಯನ್ನೆಲ್ಲ ಕಾಡೊಂದೇ ನುಂಗಿಬಿಡುತ್ತದೆ ಎಂದು ನಾವು ಹೇಳುತ್ತಿಲ್ಲ. ನೆರೆಯ ಅಬ್ಬರವನ್ನು ಒಂದಿಷ್ಟು ತಗ್ಗಿಸಿ, ಬೇಸಿಗೆಯ ಬಾವಿಗಳಿಗೆ ಒಂದಿಷ್ಟು ನೀರು ಉಳಿಸುತ್ತದೆ. ಆ ಒಂದಿಷ್ಟಕ್ಕೂ ಬೆಲೆಯಿದೆ.

ಆ ಬೆಲೆಯ ಲಾಭ ಸೇರುವುದು ಸೇಡಂ, ಚಿತ್ತಾಪುರದ ಹೊಲಗಳಿಗೆ, ನದಿ ದಂಡೆಯ ಊರುಗಳಿಗೆ, ನೀರು ಬೇಡುವ ಕಾರ್ಖಾನೆಗಳಿಗೆ. ಖರ್ಚು ಬೀಳುವುದು ಗುಡ್ಡದ ತಾಂಡಾಗಳ ಮೇಲೆ: ದನ ಮೇಯಿಸುವುದಕ್ಕೆ ತಡೆ, ಸೌದೆಗೆ ತಡೆ, ಕಾಡುಹಂದಿ ಮೇಯ್ದ ಬೆಳೆ. ದುಡಿಮೆಯಿಲ್ಲದೆ ಇಲ್ಲಿಯ ಲಂಬಾಣಿ ಕುಟುಂಬಗಳು ಹೈದರಾಬಾದ್, ಪುಣೆ, ಮುಂಬೈಗಳಿಗೆ ಗುಳೆ ಹೋಗುತ್ತವೆ. ಬಯಲನ್ನು ಕಾಯುವ ಕಾಡಿನ ಕಾವಲುಗಾರರೇ ಊರು ಬಿಡಬೇಕಾದ ಸ್ಥಿತಿಯಿದು. ಸೇತುವೆಗೆ ಕೋಟಿಗಟ್ಟಲೆ ಅಂದಾಜುಪಟ್ಟಿ ತಯಾರಿಸುವವರು, ಗುಡ್ಡದಲ್ಲಿ ಒಡ್ಡು ಹಾಕುವ, ಇಂಗುಗುಂಡಿ ತೆಗೆಯುವ, ಹೂಳೆತ್ತುವ, ಸಸಿ ಕಾಯುವ ಕೆಲಸವನ್ನು ತಾಂಡಾದ ಜನರಿಗೇ ವರ್ಷವರ್ಷವೂ ಕೊಟ್ಟರೆ ಎಷ್ಟಾದೀತು ಎಂದು ಲೆಕ್ಕ ಹಾಕಿದ್ದಾರೆಯೇ? ಕಾಡು ಉಳಿಸಿ ಎಂದು ಗುಡ್ಡದವರಿಗೆ ಉಪದೇಶಿಸುವುದಕ್ಕೆ ಮುನ್ನ ಆ ಉಳಿತಾಯದಲ್ಲಿ ಅವರ ಪಾಲೇನು ಎಂಬುದು ತೀರ್ಮಾನವಾಗಬೇಕು.

ಸುಣ್ಣಕಲ್ಲಿನ ಲೆಕ್ಕ

ನದಿಯ ಕೆಳಭಾಗಕ್ಕೆ ಬಂದರೆ ಲೆಕ್ಕ ಇನ್ನಷ್ಟು ತೊಡಕಾಗುತ್ತದೆ. ಶಹಾಬಾದಿನಲ್ಲಿ ಹೈದರಾಬಾದ್ ಸಂಸ್ಥಾನದ ಕಾಲದಲ್ಲಿಯೇ ಸಿಮೆಂಟ್ ತಯಾರಿಕೆ ಆರಂಭವಾಗಿತ್ತು. ನಂತರ ವಾಡಿ, ಮಳಖೇಡ, ಸೇಡಂಗಳಲ್ಲಿ ದೊಡ್ಡ ಕಾರ್ಖಾನೆಗಳು ಬಂದವು. ವಿದ್ಯಾರ್ಥಿಗಳು ತಮ್ಮ ರಸಾಯನಶಾಸ್ತ್ರದ ಪುಸ್ತಕ ತೆರೆದು ನೋಡಲಿ: 100 ಕಿಲೋ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಇದು ಕಲ್ಲಿನೊಳಗಿಂದಲೇ ಹೊರಡುವ ಅನಿಲ. ಗೂಡನ್ನು ಸುಮಾರು 1,450 ಡಿಗ್ರಿಗೆ ಕಾಯಿಸಲು ಉರಿಸುವ ಇಂಧನದ ಹೊಗೆ ಬೇರೆ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಸುಮಾರು 7ರಿಂದ 8%.

ವಿಪರ್ಯಾಸವೆಂದರೆ ತಡೆಗೋಡೆ, ಚೆಕ್ ಡ್ಯಾಮ್, ಎತ್ತರದ ಸೇತುವೆ, ಕಾಂಕ್ರೀಟ್ ಕಾಲುವೆ ಎಂದು ಹೊಂದಾಣಿಕೆಯ ಹೆಸರಿನಲ್ಲಿ ಕಟ್ಟುವುದೆಲ್ಲ ಈ ಸಿಮೆಂಟಿನಿಂದಲೇ. ಸಿಮೆಂಟ್ ಬೇಡವೇ ಬೇಡ ಎಂಬುದು ನಮ್ಮ ವಾದವಲ್ಲ. ಈ ಊರುಗಳ ಸಾವಿರಾರು ಮನೆಗಳ ಒಲೆ ಉರಿಯುವುದು ಗಣಿ-ಕಾರ್ಖಾನೆಗಳ ದುಡಿಮೆಯಿಂದ. ಆದರೆ ಮಣ್ಣಿನ ಒಡ್ಡು ಸಾಕಾಗುವಲ್ಲಿ ಕಾಂಕ್ರೀಟ್ ಸುರಿದರೆ, ಅದರ ಖರ್ಚಿಗೆ ಮೇಲ್ಕಂಡ ಅನಿಲವನ್ನೂ ಸೇರಿಸಿ ಬರೆಯಬೇಕು.

ಗಣಿಯಿಂದ ಬರುವ ಹಣದ ವಿಷಯವೂ ಇದೆ. 2015ರ ಕಾನೂನು ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿಕೊಂಡವು. ಹಳೆಯ ಗಣಿ ಗುತ್ತಿಗೆಗಳವರು ರಾಜಧನದ 30%, ಹರಾಜಿನಲ್ಲಿ ಪಡೆದವರು 10% ಈ ನಿಧಿಗೆ ಕೊಡಬೇಕು. ಗಣಿಬಾಧಿತರ ಕುಡಿಯುವ ನೀರು, ಆರೋಗ್ಯ, ಪರಿಸರಗಳಿಗೆ ಇದು ಮೀಸಲು. ಕಲ್ಲು ಗಣಿಗಳಲ್ಲಿ ನೆರಳು-ನೀರು, ಕೈಬಿಟ್ಟ ಗಣಿಗುಂಡಿಗಳಿಗೆ ಬೇಲಿ, ಯೋಗ್ಯವಾದವುಗಳಲ್ಲಿ ಮಳೆನೀರಿನ ಸಂಗ್ರಹ, ಬಿಸಿಗಾಳಿಯ ದಿನಗಳಲ್ಲಿ ಕೂಲಿ ನಷ್ಟಕ್ಕೆ ಭತ್ಯೆ ಇವುಗಳನ್ನು ಈ ನಿಧಿಯಿಂದ ಕೇಳುವುದು ಭಿಕ್ಷೆಯಲ್ಲ. ಸಂವಿಧಾನದ 371(ಜೆ) ವಿಧಿಯ ಬಲದಿಂದ ನಡೆಯುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮುಂದೆಯೂ ಗುಡ್ಡದ ಜಲಾನಯನದ ಬೇಡಿಕೆ ಹೋಗಬೇಕು.

ನಾಳೆಯ ರೂಪಾಯಿಗೆ ಇಂದಿನ ಬೆಲೆ

ವಿದ್ಯಾರ್ಥಿ ಮಿತ್ರರು ಇನ್ನೊಂದು ಸೂಕ್ಷ್ಮವನ್ನು ತಿಳಿದಿರಬೇಕು. ಅರ್ಥಶಾಸ್ತ್ರಜ್ಞರು ನಾಳೆ ಬರುವ ಲಾಭವನ್ನು ಇಂದಿನ ಬೆಲೆಗೆ ಇಳಿಸಿ ಅಳೆಯುತ್ತಾರೆ. ಒಂದು ಕಲ್ಪಿತ ಉದಾಹರಣೆ: ಇಂದು 1 ಲಕ್ಷ ರೂಪಾಯಿಯ ಒಡ್ಡು ಹಾಕಿದರೆ 30 ವರ್ಷಗಳ ನಂತರ 5 ಲಕ್ಷದ ನಷ್ಟ ತಪ್ಪುತ್ತದೆ ಎನ್ನೋಣ. ವರ್ಷಕ್ಕೆ 10% ದರದಲ್ಲಿ ಇಳಿಸಿದರೆ ಆ 5 ಲಕ್ಷದ ಇಂದಿನ ಬೆಲೆ 29 ಸಾವಿರಕ್ಕಿಂತ ಕಡಿಮೆ. ಒಡ್ಡು ನಷ್ಟದ ಬಾಬತ್ತು. 3% ದರದಲ್ಲಿ ಇಳಿಸಿದರೆ 2 ಲಕ್ಷಕ್ಕೂ ಮಿಗಿಲು. ಒಡ್ಡು ಲಾಭದ ಬಾಬತ್ತು. ಒಡ್ಡು ಅದೇ, ಮಳೆ ಅದೇ, ತೀರ್ಪು ಮಾತ್ರ ತಲೆಕೆಳಗು! ಬ್ರಿಟನ್ ಸರ್ಕಾರಕ್ಕಾಗಿ ನಿಕೋಲಸ್ ಸ್ಟರ್ನ್ 2006ರಲ್ಲಿ ಸಲ್ಲಿಸಿದ ವರದಿಗೂ ಅಮೆರಿಕದ ವಿಲಿಯಂ ನಾರ್ಡ್‌ಹೌಸ್ ಅದನ್ನು ಆಕ್ಷೇಪಿಸಿದ್ದಕ್ಕೂ ನಡುವೆ ಇದ್ದ ಮುಖ್ಯ ಜಗಳ ಈ ದರದ್ದೇ. ಹುಟ್ಟಲಿರುವ ಮಕ್ಕಳ ಕಷ್ಟಕ್ಕೆ ಎಷ್ಟು ಬೆಲೆ ಕಟ್ಟಬೇಕೆಂಬುದು ಗಣಿತದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ಅದನ್ನು ತಜ್ಞರಿಗೆ ಒಪ್ಪಿಸಿ ಕೈತೊಳೆದುಕೊಳ್ಳಲಾಗದು.

ಮೊದಲು ಬೆಳವಣಿಗೆಯಾಗಲಿ, ಕೈಯಲ್ಲಿ ಹಣ ಬಂದ ಮೇಲೆ ಹೊಂದಾಣಿಕೆ ತಾನಾಗಿ ಆದೀತು ಎನ್ನುವವರಿದ್ದಾರೆ. ಈ ವಾದದಲ್ಲಿ ಸತ್ಯಾಂಶವಿದೆ. ಗಟ್ಟಿ ಮನೆ, ಶಾಲೆ, ಆಸ್ಪತ್ರೆಗಳಿಗಿಂತ ದೊಡ್ಡ ಹೊಂದಾಣಿಕೆ ಬೇರೆಯಿಲ್ಲ. ಆದರೆ ಪ್ರತಿ ಎರಡು ವರ್ಷಕ್ಕೊಮ್ಮೆ ಬೆಳೆ ಕಳೆದುಕೊಳ್ಳುವವನ ಕೈಯಲ್ಲಿ ಹಣ ಬರುವುದಾದರೂ ಯಾವಾಗ? ಕಾಯುವ ಶಕ್ತಿ ಇರುವವರು ಹೇಳುವ ಮಾತನ್ನು ಕಾಯಲಾರದವರ ಮೇಲೆ ಹೇರಬಾರದು.

ಮಾಡಬೇಕಾದದ್ದು

ಹೊಂದಾಣಿಕೆಯ ಕೆಲಸವೆಂದು ಯಾವುದೇ ಪ್ರಸ್ತಾವ ಊರಿಗೆ ಬಂದಾಗ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ. ಒಂದು, ಇದರ ಖರ್ಚನ್ನು ಹಣದಲ್ಲಿ, ನೆಲದಲ್ಲಿ, ದುಡಿಮೆಯಲ್ಲಿ ಯಾರು ಭರಿಸುತ್ತಾರೆ? ಎರಡು, ಲಾಭ ಯಾರಿಗೆ, ಯಾವಾಗ ಸೇರುತ್ತದೆ? ಮೂರು, ಇಬ್ಬರೂ ಬೇರೆಯಾದರೆ ಲಾಭ ಪಡೆಯುವವರು ಖರ್ಚು ಹೊರುವವರಿಗೆ ಏನು ಕೊಡುತ್ತಾರೆ? ಮೂರನೆಯದಕ್ಕೆ ಉತ್ತರ ಸಿಗುವವರೆಗೆ ಒಪ್ಪಿಗೆ ಕೊಡುವ ಅವಸರ ಬೇಡ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಮುಂದಿನ ಮುಂಗಾರಿನಿಂದ ನಿಮ್ಮ ಊರಿನ ಬಿತ್ತನೆಯ ದಿನ, ಹಳ್ಳ ಹರಿದ ದಿನ, ಬಾವಿಯ ನೀರಿನ ಮಟ್ಟ, ಬೆಳೆ ಹಾಳಾದ ಹೊಲಗಳು, ಗುಳೆ ಹೋದ ಮನೆಗಳ ಸಂಖ್ಯೆ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಿರಿಯರನ್ನು ಕೇಳಿ ಹಿಂದಿನ ವರ್ಷಗಳದ್ದನ್ನೂ ಸೇರಿಸಿ. ಸರ್ಕಾರದ ಪುಸ್ತಕದಲ್ಲಿ ಇಲ್ಲದ ಖರ್ಚುಗಳಿಗೆ ಅದೇ ದಾಖಲೆ. ಚಿಂಚೋಳಿಯ ತಾಂಡಾದ ನೋಟ್‌ಬುಕ್ಕನ್ನೂ ಶಹಾಬಾದಿನ ಕಲ್ಲು ಗಣಿಯ ಓಣಿಯ ನೋಟ್‌ಬುಕ್ಕನ್ನೂ ಒಂದೇ ಮೇಜಿನ ಮೇಲಿಟ್ಟು ಓದಿದ ದಿನ, ಗುಡ್ಡದವರೂ ಬಯಲಿನವರೂ ಜಿಲ್ಲಾಡಳಿತದ ಮುಂದೆ ಒಂದೇ ಬೇಡಿಕೆಯೊಡನೆ ನಿಲ್ಲಬಹುದು.